ಆರು ಸೆಕೆಂಡಿನ ಚೆಂಡು, ನಲವತ್ತು ವರ್ಷದ ಮಾತು

ಥ್ಯಾಂಕ್ಸ್‌ಗಿವಿಂಗ್ ಅಮೆರಿಕನ್ನರ ದೊಡ್ಡ ಮನೆಹಬ್ಬ. ಅದರ ಮಾರನೆಯ ದಿನ ಅಲ್ಲಿನ ಮನೆಗಳೂ ನಮ್ಮ ಹಬ್ಬದ ಮಾರನೆಯ ದಿನದ ಮನೆಗಳ ಹಾಗೆಯೇ ಇರುತ್ತವೆ. ನಿನ್ನೆ ಮಾಡಿದ ಅಡುಗೆ ಮಿಕ್ಕಿರುತ್ತದೆ, ಬಂದ ನೆಂಟರು ಇನ್ನೂ ಹೊರಟಿರುವುದಿಲ್ಲ, ಕೂತವರಿಗೆ ಏಳುವ ಮನಸ್ಸಿರುವುದಿಲ್ಲ. ಟಿವಿ ಮಾತ್ರ ತನ್ನ ಪಾಡಿಗೆ ಓಡುತ್ತಿರುತ್ತದೆ. 1984ರ ನವೆಂಬರ್ 23ರ ಶುಕ್ರವಾರ ದೇಶದುದ್ದಕ್ಕೂ ಆ ಟಿವಿಗಳಲ್ಲಿ ಕಂಡದ್ದು ಮಯಾಮಿಯ ಆರೆಂಜ್ ಬೌಲ್ ಮೈದಾನ. ಮಳೆ ಸುರಿದಿತ್ತು, ಗಾಳಿ ಜೋರಾಗಿತ್ತು, ಹುಲ್ಲು ನೆನೆದು ಜಾರುತ್ತಿತ್ತು.

ಒಂದು ಕಡೆ ಹಿಂದಿನ ವರ್ಷದ ರಾಷ್ಟ್ರೀಯ ಚಾಂಪಿಯನ್ ಮಯಾಮಿ ವಿಶ್ವವಿದ್ಯಾಲಯ. ಇನ್ನೊಂದು ಕಡೆ ಉತ್ತರದ ಚಳಿನಾಡಿನಿಂದ ಬಂದ ಬಾಸ್ಟನ್ ಕಾಲೇಜು. ಪಂದ್ಯದುದ್ದಕ್ಕೂ ಇವರು ಮುಂದೆ ಹೋದರೆ ಅವರು ಹಿಡಿಯುವುದು, ಅವರು ಮುಂದೆ ಹೋದರೆ ಇವರು ಹಿಡಿಯುವುದು. ಕೊನೆಗೆ 28 ಸೆಕೆಂಡು ಉಳಿದಿದ್ದಾಗ ಮಯಾಮಿಯ ಮೆಲ್ವಿನ್ ಬ್ರ್ಯಾಟನ್ ಆ ದಿನದ ತನ್ನ ನಾಲ್ಕನೆಯ ಟಚ್‌ಡೌನ್ ಮಾಡಿದ. ಮಯಾಮಿ 45, ಬಾಸ್ಟನ್ ಕಾಲೇಜು 41. ಪಂದ್ಯ ಮುಗಿಯಿತೆಂದು ಎದ್ದು ಹೊರಟವರೂ ಇದ್ದರು.

ಬಾಸ್ಟನ್ ಹುಡುಗರು ಸರಸರನೆ ಚೆಂಡನ್ನು ಅಂಗಳದ ನಡುವಿನವರೆಗೆ ತಂದರು. ಗಡಿಯಾರದಲ್ಲಿ ಉಳಿದದ್ದು ಆರು ಸೆಕೆಂಡು. ಗುರಿಗೆರೆ 48 ಗಜ ದೂರ. ಗಿಡ್ಡ ಮೈಕಟ್ಟಿನ, 22 ಎಂದು ಬರೆದ ಅಂಗಿಯ ಹುಡುಗ ಚೆಂಡು ಕೈಗೆ ಬಂದೊಡನೆ ಹಿಂದಕ್ಕೆ ಓಡಿದ, ಬಲಕ್ಕೆ ತಿರುಗಿದ, ಮೈಮೇಲೆ ಬಿದ್ದವನಿಂದ ತಪ್ಪಿಸಿಕೊಂಡ. ನಿಂತಾಗ ಗುರಿ ಇನ್ನಷ್ಟು ದೂರವಾಗಿ 63 ಗಜವಾಗಿತ್ತು. ಒಂದು ಹೆಜ್ಜೆ ಮುಂದಿಟ್ಟು, ಮೈಯೆಲ್ಲ ಬಿಲ್ಲಾಗಿಸಿ ಎಸೆದ. ಚೆಂಡು ಗಾಳಿಯಲ್ಲಿರುವಾಗಲೇ ಗಡಿಯಾರ ಸೊನ್ನೆಗೆ ಬಂತು.

ಗುರಿಗೆರೆಯ ಬಳಿ ಕಿತ್ತಳೆ, ಬಿಳಿ ಅಂಗಿಗಳ ಗುಂಪು ಒಟ್ಟಿಗೆ ಹಾರಿತು. ಚೆಂಡು ಆ ಕೈಗಳ ಮೇಲಿಂದ ಜಾರಿ ಹಿಂದೆ ನಿಂತಿದ್ದ ಜೆರಾರ್ಡ್ ಫೀಲನ್ ಮಡಿಲಿಗೆ ಬಿತ್ತು. ಆತ ಚೆಂಡನ್ನು ಅವುಚಿಕೊಂಡು ಗೆರೆಯಾಚೆ ಹಿಮ್ಮುಖವಾಗಿ ಬಿದ್ದ. ಬಾಸ್ಟನ್ ಕಾಲೇಜು 47, ಮಯಾಮಿ 45. ಎಸೆದ ಹುಡುಗ ಡಗ್ ಫ್ಲೂಟಿ.

ನಮಗೆ ಇದಕ್ಕೆ ಹೋಲಿಕೆ ಬೇಕಾದರೆ ಶಾರ್ಜಾಕ್ಕೇ ಹೋಗಬೇಕು. 1986ರ ಏಪ್ರಿಲ್‌ನಲ್ಲಿ ಜಾವೇದ್ ಮಿಯಾಂದಾದ್ ಕೊನೆಯ ಎಸೆತಕ್ಕೆ ಹೊಡೆದ ಸಿಕ್ಸರ್ ಅನ್ನು ನಮ್ಮ ಹಿರಿಯರು ಇಂದಿಗೂ ನೋವಿನಿಂದ ನೆನೆಯುತ್ತಾರಲ್ಲ, ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಫ್ಲೂಟಿ ಎಸೆತಕ್ಕೆ ಇರುವುದು ಅಂಥ ಸ್ಥಾನ. ಆದರೆ ಒಂದು ವ್ಯತ್ಯಾಸವಿದೆ. ಮಿಯಾಂದಾದ್ ಸಿಕ್ಸರ್ ಕ್ರಿಕೆಟ್ಟಿನ ಕಥೆಯಾಗಿ ಉಳಿಯಿತು. ಫ್ಲೂಟಿಯ ಚೆಂಡು ಆಟದಂಗಳ ದಾಟಿ ವಿಶ್ವವಿದ್ಯಾಲಯಗಳ ಪ್ರವೇಶ ಕಚೇರಿಯೊಳಗೆ ಹೋಗಿ ಬಿತ್ತು. ಅಲ್ಲಿಂದ ಅರ್ಥಶಾಸ್ತ್ರಜ್ಞರ ಮೇಜಿಗೂ ಹೋಯಿತು.

ಕ್ವಾರ್ಟರ್‌ಬ್ಯಾಕ್ ಎಂಬಾತ

ಮೊದಲು ಆಟದ ಬಗ್ಗೆ ಎರಡು ಮಾತು. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಒಂದು ತಂಡಕ್ಕೆ ಹನ್ನೊಂದು ಜನ, ಅಂಗಳ ನೂರು ಗಜ. ಚೆಂಡು ಹಿಡಿದ ತಂಡಕ್ಕೆ ನಾಲ್ಕು ಯತ್ನ. ಅಷ್ಟರಲ್ಲಿ ಹತ್ತು ಗಜ ಮುಂದೆ ಸಾಗಿದರೆ ಮತ್ತೆ ನಾಲ್ಕು ಯತ್ನ ಸಿಗುತ್ತದೆ, ಸಾಗದಿದ್ದರೆ ಚೆಂಡು ಎದುರಾಳಿಗೆ ಹೋಗುತ್ತದೆ. ಗುರಿಗೆರೆ ದಾಟಿಸಿದರೆ ಟಚ್‌ಡೌನ್, ಆರು ಅಂಕ.

ಪ್ರತಿ ಯತ್ನದಲ್ಲೂ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ಅದನ್ನು ಓಡುವವನಿಗೆ ಕೊಡಬೇಕೋ, ದೂರದವನಿಗೆ ಎಸೆಯಬೇಕೋ, ತಾನೇ ಹೊತ್ತು ಓಡಬೇಕೋ ಎಂದು ಆತ ಎರಡು ಮೂರು ಸೆಕೆಂಡಿನಲ್ಲಿ ನಿರ್ಧರಿಸಬೇಕು. ಅಷ್ಟರಲ್ಲಿ ನೂರಿಪ್ಪತ್ತು ಮೂವತ್ತು ಕಿಲೋ ತೂಗುವ ನಾಲ್ಕೈದು ಜನ ಅವನನ್ನು ಕೆಡವಲು ನುಗ್ಗಿ ಬರುತ್ತಿರುತ್ತಾರೆ. ಅವರನ್ನು ತಡೆಯಲು ನಿಂತ ಸ್ವಂತ ತಂಡದವರೂ ಅಷ್ಟೇ ದೊಡ್ಡ ಆಳುಗಳು. ಈ ಗೋಡೆಯ ಮೇಲಿಂದ ಕಣ್ಣು ಹಾಯಿಸಿ ಎಸೆಯಬೇಕಾದ್ದರಿಂದ ಕ್ವಾರ್ಟರ್‌ಬ್ಯಾಕ್ ಎಂದರೆ ಆರಡಿ ಎತ್ತರವಿರಲೇಬೇಕು ಎಂಬ ನಂಬಿಕೆ ಆಟದಲ್ಲಿ ಬಲವಾಗಿ ಬೇರೂರಿತ್ತು. ಫ್ಲೂಟಿಯ ಎತ್ತರ ಐದು ಅಡಿ ಹತ್ತು ಇಂಚನ್ನೂ ಪೂರ್ತಿ ಮುಟ್ಟಿರಲಿಲ್ಲ.

ಇನ್ನೊಂದು ವಿಷಯ ನಮ್ಮವರಿಗೆ ಸುಲಭವಾಗಿ ನಂಬಿಕೆ ಬರುವುದಿಲ್ಲ. ಅಮೆರಿಕದಲ್ಲಿ ಕಾಲೇಜು ತಂಡದ ಆಟವೆಂದರೆ ನಮ್ಮ ಅಂತರ ಕಾಲೇಜು ಪಂದ್ಯದ ಹಾಗಲ್ಲ. ಮಿಷಿಗನ್ ವಿಶ್ವವಿದ್ಯಾಲಯದ ಸ್ಟೇಡಿಯಂನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಕೂರುತ್ತಾರೆ. ವೃತ್ತಿಪರ ತಂಡವಿಲ್ಲದ ರಾಜ್ಯಗಳಲ್ಲಿ ವಿಶ್ವವಿದ್ಯಾಲಯದ ತಂಡವೇ ರಾಜ್ಯದ ತಂಡ, ಓದಿದವರಿಗೂ ಓದದವರಿಗೂ ಅದೇ ಅಭಿಮಾನ. ಆಡುವವರು ಹದಿನೆಂಟರಿಂದ ಇಪ್ಪತ್ತೆರಡರ ವಿದ್ಯಾರ್ಥಿಗಳು. ಫ್ಲೂಟಿಯ ಕಾಲದಲ್ಲಿ ಅವರಿಗೆ ಸಿಗುತ್ತಿದ್ದದ್ದು ಓದು, ಊಟ, ವಸತಿಯ ವಿದ್ಯಾರ್ಥಿವೇತನ ಮಾತ್ರ.

ಕೊನೆಯ ಸಾಲಿನಿಂದ ಮೊದಲ ಸಾಲಿಗೆ

ಡಗ್ ಫ್ಲೂಟಿ ಹುಟ್ಟಿದ್ದು 1962ರ ಅಕ್ಟೋಬರ್‌ನಲ್ಲಿ, ಮೇರಿಲ್ಯಾಂಡ್ ರಾಜ್ಯದ ಮ್ಯಾಂಚೆಸ್ಟರ್ ಎಂಬ ಊರಲ್ಲಿ. ಕೆಲ ಕಾಲ ಫ್ಲಾರಿಡಾದಲ್ಲಿದ್ದು, ಆಮೇಲೆ ಬಾಸ್ಟನ್ ಬಳಿಯ ನೇಟಿಕ್‌ಗೆ ಬಂದು ನೆಲೆಸಿದ ಕುಟುಂಬ ಅದು. ಹೈಸ್ಕೂಲಿನಲ್ಲಿ ಹುಡುಗ ಎಲ್ಲ ಆಟದಲ್ಲೂ ಮುಂದು. ಆದರೂ ದೊಡ್ಡ ತಂಡಗಳು ಆ ಕಡೆ ತಿರುಗಿ ನೋಡಲಿಲ್ಲ. ಮೊದಲ ದರ್ಜೆಯ ಕಾಲೇಜುಗಳ ಪೈಕಿ ಕರೆದದ್ದು ಬಾಸ್ಟನ್ ಕಾಲೇಜು ಒಂದೇ. ಅದೂ ಬೇರೆಯವರಿಗೆ ಕೊಟ್ಟು ಕೊನೆಗೆ ಉಳಿದಿದ್ದ ವಿದ್ಯಾರ್ಥಿವೇತನ.

ಆ ತಂಡದ ಸ್ಥಿತಿಯೂ ಹೇಳಿಕೊಳ್ಳುವಂತಿರಲಿಲ್ಲ. 1978ರಲ್ಲಿ ಆಡಿದ ಹನ್ನೊಂದೂ ಪಂದ್ಯ ಸೋತಿತ್ತು. 1981ರಲ್ಲಿ ಜ್ಯಾಕ್ ಬಿಕ್ನೆಲ್ ಹೊಸ ಕೋಚ್ ಆಗಿ ಬಂದಾಗ ಫ್ಲೂಟಿ ಹೆಸರು ಕ್ವಾರ್ಟರ್‌ಬ್ಯಾಕ್‌ಗಳ ಪಟ್ಟಿಯ ತಳದಲ್ಲಿತ್ತು. ಅಕ್ಟೋಬರ್‌ನಲ್ಲಿ ಬಲಾಢ್ಯ ಪೆನ್ ಸ್ಟೇಟ್ ಎದುರು ಪಂದ್ಯ ಪೂರಾ ಕೈತಪ್ಪಿದ ಮೇಲೆ, ಇನ್ನು ಕಳೆದುಕೊಳ್ಳುವುದೇನೂ ಇಲ್ಲವೆಂದು ಕೋಚ್ ಈ ಹುಡುಗನನ್ನು ಇಳಿಸಿದರು. ಇಳಿದವರು ಟಚ್‌ಡೌನ್ ಎಸೆದರು. ಮುಂದಿನ ವಾರದಿಂದ ಆ ಜಾಗ ಅವರದೇ ಆಯಿತು.

ಎತ್ತರದ ಕೊರತೆಯನ್ನು ಫ್ಲೂಟಿ ತುಂಬಿಕೊಂಡದ್ದು ಕಾಲಿನಿಂದ. ಗೋಡೆಯ ಹಿಂದೆ ನಿಂತು ಇಣುಕುವ ಬದಲು ಪಕ್ಕಕ್ಕೆ ಓಡಿ ಬಯಲಿಗೆ ಬರುತ್ತಿದ್ದರು. ಓಡುತ್ತಲೇ ಎಸೆಯುತ್ತಿದ್ದರು. ಇದು ಎದುರಾಳಿಗೆ ತಲೆನೋವು. ಮುಂದೆ ನುಗ್ಗಿದರೆ ತಲೆಯ ಮೇಲಿಂದ ಚೆಂಡು ಹೋಗುತ್ತದೆ, ಹಿಂದೆ ಉಳಿದರೆ ಈತನೇ ಓಡಿಬಿಡುತ್ತಾನೆ. ನಮ್ಮ ಕಬಡ್ಡಿಯಲ್ಲಿ ಸಣ್ಣ ಮೈಯ ರೈಡರ್ ಒಬ್ಬ ಏಳು ಜನರ ನಡುವೆ ನುಸುಳಿ ಗೆರೆ ಮುಟ್ಟಿ ಬರುವುದನ್ನು ಕಂಡವರಿಗೆ ಈ ಆಟದ ಸೊಗಸು ಬೇಗ ಅರ್ಥವಾಗುತ್ತದೆ.

1982ರಲ್ಲಿ ಅದೇ ಪೆನ್ ಸ್ಟೇಟ್ ಎದುರು ಒಂದೇ ಪಂದ್ಯದಲ್ಲಿ 520 ಗಜ ಎಸೆದರು. ಪಂದ್ಯ ಸೋತರು, ಆದರೆ ಹೆಸರು ಹರಡಿತು. ಆ ಋತುವಿನ ಕೊನೆಗೆ ಬಾಸ್ಟನ್ ಕಾಲೇಜು ನಲವತ್ತು ವರ್ಷಗಳ ಬಳಿಕ ಮೊದಲ ಸಲ ಬೌಲ್ ಪಂದ್ಯಕ್ಕೆ ಆಹ್ವಾನ ಪಡೆಯಿತು. ಬೌಲ್ ಎಂದರೆ ಋತು ಮುಗಿದ ಮೇಲೆ ಒಳ್ಳೆಯ ತಂಡಗಳನ್ನು ಕರೆದು ಆಡಿಸುವ ಗೌರವದ ಪಂದ್ಯ. 1983ರಲ್ಲಿ ಒಂಬತ್ತು ಗೆಲುವು ಬಂತು. 1984ರ ಆರಂಭದಲ್ಲೇ ಅಲಬಾಮಾವನ್ನು ಅದರ ಸ್ವಂತ ನೆಲದಲ್ಲಿ 38–31ರಿಂದ ಸೋಲಿಸಿದಾಗ ದೇಶ ಈ ತಂಡವನ್ನು ಗಮನಿಸತೊಡಗಿತು.

ಓದಿನಲ್ಲೂ ಅವರು ಹಿಂದೆ ಬೀಳಲಿಲ್ಲ. ಕಂಪ್ಯೂಟರ್ ವಿಜ್ಞಾನ ಕಲಿತರು, ರೋಡ್ಸ್ ವಿದ್ಯಾರ್ಥಿವೇತನದ ಅಂತಿಮ ಸುತ್ತಿನವರೆಗೂ ಹೋದರು. ಚೆಂಡು ಹಿಡಿದ ಫೀಲನ್ ಕಾಲೇಜಿನಲ್ಲಿ ಅವರ ರೂಮ್‌ಮೇಟ್.

55 ಫ್ಲಡ್ ಟಿಪ್

ಆ ಕೊನೆಯ ಎಸೆತವನ್ನು ಎಲ್ಲರೂ ಪವಾಡ ಎನ್ನುತ್ತಾರೆ. ಅದರ ತುಣುಕನ್ನು ಹತ್ತಾರು ಸಲ ನಿಲ್ಲಿಸಿ ನಿಲ್ಲಿಸಿ ನೋಡಿದ ನನಗೆ ಆ ಪದ ಒಪ್ಪುವುದಿಲ್ಲ. ಅದೃಷ್ಟ ಇತ್ತು, ನಿಜ. ಆದರೆ ಅದಕ್ಕಿಂತ ಹೆಚ್ಚಾಗಿ ಸಿದ್ಧತೆ ಇತ್ತು.

ಆ ಆಟಕ್ಕೆ ತಂಡದೊಳಗೆ ಒಂದು ಹೆಸರಿತ್ತು: 55 ಫ್ಲಡ್ ಟಿಪ್. ಫ್ಲಡ್ ಎಂದರೆ ಪ್ರವಾಹ. ಹಿಡಿಯುವವರೆಲ್ಲ ಒಂದೇ ಬದಿಗೆ ಹೊಳೆಯ ಹಾಗೆ ನುಗ್ಗಿ ಗುರಿಗೆರೆಯ ಬಳಿ ಸೇರಬೇಕು. ಟಿಪ್ ಎಂದರೆ ತಟ್ಟುವುದು. ಅಷ್ಟು ಜನರ ನಡುವೆ ಚೆಂಡನ್ನು ನೇರ ಹಿಡಿಯುವುದು ಕಷ್ಟ, ಆದ್ದರಿಂದ ಒಬ್ಬ ಎತ್ತರಕ್ಕೆ ಹಾರಿ ಬೆರಳಿನಿಂದ ತಟ್ಟಬೇಕು, ಸುತ್ತ ಕಾಯುತ್ತಿರುವ ಇಬ್ಬರಲ್ಲಿ ಒಬ್ಬರು ಹಿಡಿಯಬೇಕು. ವಾರವಾರವೂ ಅಭ್ಯಾಸದ ಕೊನೆಗೆ ಇದನ್ನು ಆಡಿ ನೋಡುತ್ತಿದ್ದರು.

ಆ ದಿನ ಯಾರೂ ತಟ್ಟಬೇಕಾಗಿ ಬರಲಿಲ್ಲ. ಫ್ಲೂಟಿ ಹಿಂದಕ್ಕೆ ಓಡಿದ್ದನ್ನು ಮಯಾಮಿಯ ರಕ್ಷಕರು ಕಂಡರು. ಈ ಎದುರುಗಾಳಿಯಲ್ಲಿ, ಅಷ್ಟು ಹಿಂದಿನಿಂದ, ಈ ಸಣ್ಣಾಳು ಗುರಿಗೆರೆಯವರೆಗೆ ಎಸೆಯಲಾರ ಎಂದು ಲೆಕ್ಕ ಹಾಕಿ ಗೆರೆಗಿಂತ ಮುಂದೆಯೇ ನಿಂತರು. 63 ಗಜವೆಂದರೆ ಸುಮಾರು 58 ಮೀಟರ್. ಕ್ರಿಕೆಟ್ಟಿನಲ್ಲಿ ಬೌಂಡರಿ ಗೆರೆಯ ಹತ್ತಿರದಿಂದ ನೇರ ವಿಕೆಟ್ ಕೀಪರ್ ಕೈಗೆ ಎಸೆದಷ್ಟು ದೂರ. ಅದೂ ಓಡಿ ಬಂದು ಎಸೆದದ್ದಲ್ಲ, ಬೆನ್ನಟ್ಟಿದವರಿಂದ ತಪ್ಪಿಸಿಕೊಂಡು ಎಸೆದದ್ದು. ಫೀಲನ್ ಮಾತ್ರ ತಮ್ಮ ಗೆಳೆಯನ ತೋಳನ್ನು ಬಲ್ಲವರು. ಅವರು ರಕ್ಷಕರನ್ನು ದಾಟಿ ಹಿಂದಕ್ಕೆ ಹೋಗಿ ನಿಂತರು. ಮುಂದಿದ್ದವರು ಹಾರಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದರು. ಚೆಂಡು ಅವರ ಹಿಂದಕ್ಕೆ ಬಂತು.

ಇಂಥ ಕೊನೆಯ ಗಳಿಗೆಯ ಎಸೆತಕ್ಕೆ ಅಮೆರಿಕದಲ್ಲಿ ಹೇಲ್ ಮೇರಿ ಎನ್ನುತ್ತಾರೆ. ಕನ್ನಡದ ಕ್ಯಾಥೊಲಿಕರು ನಮೋ ಮರಿಯೆ ಎಂದು ಹೇಳಿಕೊಳ್ಳುವ ಪ್ರಾರ್ಥನೆಯ ಹೆಸರೇ ಅದು. ಚೆಂಡು ಬಿಟ್ಟ ಮೇಲೆ ಉಳಿಯುವುದು ಪ್ರಾರ್ಥನೆ ಒಂದೇ ಎಂಬ ಅರ್ಥ. 1975ರ ಡಿಸೆಂಬರ್‌ನಲ್ಲಿ ಡಲ್ಲಾಸ್ ತಂಡದ ರೋಜರ್ ಸ್ಟಾಬಾಕ್ ಮಿನೆಸೋಟಾ ವಿರುದ್ಧ ಎಸೆದು ಗೆದ್ದ ಮೇಲೆ ಈ ಮಾತು ಮನೆಮಾತಾಯಿತು. ಬಾಸ್ಟನ್ ಕಾಲೇಜು ಜೆಸ್ಯೂಟ್ ಪಾದ್ರಿಗಳು 1863ರಲ್ಲಿ ಕಟ್ಟಿದ ಸಂಸ್ಥೆ. ಮಂಗಳೂರಿನ ಸೇಂಟ್ ಅಲೋಶಿಯಸ್ ಕಾಲೇಜನ್ನು ಕಟ್ಟಿದ್ದೂ ಇದೇ ಪರಂಪರೆಯವರು. ಹಾಗಾಗಿ ಆ ಹೆಸರು ಈ ಎಸೆತಕ್ಕೆ ಬೇರೆ ಯಾವುದಕ್ಕಿಂತ ಹೆಚ್ಚು ಒಪ್ಪಿತು.

ಸೋತ ಮಯಾಮಿಯನ್ನೂ ನೆನೆಯಬೇಕು. ಅದರ ಕ್ವಾರ್ಟರ್‌ಬ್ಯಾಕ್ ಬರ್ನಿ ಕೋಸಾರ್ ಆ ದಿನ 447 ಗಜ ಎಸೆದಿದ್ದರು, ಫ್ಲೂಟಿ 472. ಎರಡು ವಾರದ ಹಿಂದಷ್ಟೇ ಮೇರಿಲ್ಯಾಂಡ್ ವಿರುದ್ಧ 31–0 ಮುನ್ನಡೆಯನ್ನು ಕೈಬಿಟ್ಟು ಸೋತಿದ್ದ ತಂಡಕ್ಕೆ ಇದು ಎರಡನೆಯ ಪೆಟ್ಟು. ಇಪ್ಪತ್ತರ ಆಸುಪಾಸಿನ ಹುಡುಗರು ಆ ಒದ್ದೆ ಹುಲ್ಲಿನ ಮೇಲೆ ಕುಸಿದು ಕೂತದ್ದನ್ನು ನೋಡುವಾಗ ಗೆದ್ದವರ ಕಡೆಗೆ ಕಣ್ಣು ತಿರುಗಿಸುವುದು ಕಷ್ಟ.

ಟಿವಿಗಾಗಿ ಬದಲಾದ ದಿನಾಂಕ

ಎಸೆತ ಅಷ್ಟು ಮನೆಗಳಿಗೆ ತಲುಪಿದ್ದು ಹೇಗೆ ಎಂಬುದೂ ಕಥೆಯ ಮುಖ್ಯ ಭಾಗ. ಈ ಪಂದ್ಯ ಮೊದಲು ನಿಗದಿಯಾಗಿದ್ದದ್ದು ಸೆಪ್ಟೆಂಬರ್ 29ಕ್ಕೆ. ಸಿಬಿಎಸ್ ವಾಹಿನಿಗಾಗಿ ಅದನ್ನು ಥ್ಯಾಂಕ್ಸ್‌ಗಿವಿಂಗ್ ಮಾರನೆಯ ದಿನಕ್ಕೆ ಹಾಕಲಾಯಿತು. ರಜೆ, ಮನೆ ತುಂಬ ಜನ. ಮೈದಾನದಲ್ಲಿದ್ದವರು ಸುಮಾರು 30 ಸಾವಿರ, ಟಿವಿ ಮುಂದೆ ಇದ್ದದ್ದು ಇಡೀ ದೇಶ.

ಅದಕ್ಕೆ ಐದು ತಿಂಗಳ ಹಿಂದೆ, 1984ರ ಜೂನ್‌ನಲ್ಲಿ, ಅಮೆರಿಕದ ಸುಪ್ರೀಂ ಕೋರ್ಟ್ ಒಂದು ಮಹತ್ವದ ತೀರ್ಪು ಕೊಟ್ಟಿತ್ತು. ಅಲ್ಲಿಯವರೆಗೆ ಯಾವ ಕಾಲೇಜಿನ ಪಂದ್ಯ ಟಿವಿಯಲ್ಲಿ ಎಷ್ಟು ಸಲ ಬರಬೇಕೆಂದು ತೀರ್ಮಾನಿಸುತ್ತಿದ್ದದ್ದು ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಘವಾದ ಎನ್‌ಸಿಎಎ. ಓಕ್ಲಹೋಮಾ ವಿಶ್ವವಿದ್ಯಾಲಯದ ಆಡಳಿತ ಮಂಡಳಿ ಹೂಡಿದ ಮೊಕದ್ದಮೆಯಲ್ಲಿ ನ್ಯಾಯಾಲಯ ಈ ಹಿಡಿತವನ್ನು ರದ್ದು ಮಾಡಿತು. ಕಾಲೇಜುಗಳು ತಮ್ಮ ಪಂದ್ಯವನ್ನು ತಾವೇ ಮಾರಿಕೊಳ್ಳಬಹುದಾಯಿತು. ಇಂದು ಅಲ್ಲಿ ಹರಿಯುವ ಅಪಾರ ಟಿವಿ ಹಣದ ಕಟ್ಟೆ ಒಡೆದದ್ದು ಆ ತೀರ್ಪಿನಿಂದ. ಅದಾದ ಮೊದಲ ಋತುವಿನಲ್ಲೇ ಫ್ಲೂಟಿ ಬಂದರು.

ಡಿಸೆಂಬರ್ ಮೊದಲ ದಿನ ಅವರಿಗೆ ಹೈಸ್ಮನ್ ಟ್ರೋಫಿ ಬಂತು. ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ, ಅಲ್ಲಿ ಅದಕ್ಕಿಂತ ದೊಡ್ಡದಿಲ್ಲದ ಗೌರವ. ಹಿಂದಿನ ಹನ್ನೆರಡು ವರ್ಷ ಅದು ಬಹುತೇಕ ಚೆಂಡು ಹೊತ್ತು ಓಡುವವರ ಪಾಲಾಗಿತ್ತು. 1971ರ ಬಳಿಕ ಕ್ವಾರ್ಟರ್‌ಬ್ಯಾಕ್ ಒಬ್ಬರು ಪಡೆದದ್ದು ಅದೇ ಮೊದಲು. ಜನವರಿ 1ರಂದು ಕಾಟನ್ ಬೌಲ್‌ನಲ್ಲಿ ಹ್ಯೂಸ್ಟನ್ ತಂಡವನ್ನು 45–28ರಿಂದ ಸೋಲಿಸಿ ಬಾಸ್ಟನ್ ಕಾಲೇಜು ದೇಶದ ಮೊದಲ ಐದರೊಳಗೆ ಬಂತು. ನಾಲ್ಕು ವರ್ಷಗಳಲ್ಲಿ ಫ್ಲೂಟಿ ಎಸೆದ ಒಟ್ಟು ದೂರ 10,579 ಗಜ. ದೊಡ್ಡ ಕಾಲೇಜುಗಳ ಆಟದಲ್ಲಿ ಹತ್ತು ಸಾವಿರ ದಾಟಿದವರಲ್ಲಿ ಅವರೇ ಮೊದಲಿಗರು.

ಫ್ಲೂಟಿ ಎಫೆಕ್ಟ್

ಇಲ್ಲಿಂದ ಕಥೆ ಮೈದಾನ ಬಿಟ್ಟು ಹೊರಡುತ್ತದೆ. ಬಾಸ್ಟನ್ ಕಾಲೇಜಿಗೆ ಪ್ರವೇಶ ಕೋರಿ ಬಂದ ಅರ್ಜಿಗಳು 1984ರಲ್ಲಿ 12,414ರಿಂದ 14,398ಕ್ಕೆ ಏರಿದವು. ಅಂದರೆ ನೂರಕ್ಕೆ ಹದಿನಾರು ಹೆಚ್ಚು. ಮರುವರ್ಷ ಮತ್ತೆ ಹನ್ನೆರಡು ಪ್ರತಿಶತ ಏರಿ 16,163 ಆಯಿತು. ಪತ್ರಿಕೆಗಳು ಎರಡನ್ನೂ ಗಂಟು ಹಾಕಿದವು: ಚೆಂಡು ಎಸೆದ, ಅರ್ಜಿ ಬಂತು. ಅದಕ್ಕೆ ಫ್ಲೂಟಿ ಎಫೆಕ್ಟ್ ಎಂಬ ಹೆಸರು ಬಿತ್ತು. ಇಂದು ಅಮೆರಿಕದ ಯಾವ ಕಾಲೇಜು ತಂಡ ಅನಿರೀಕ್ಷಿತವಾಗಿ ಗೆದ್ದರೂ ಅಲ್ಲಿನ ಪ್ರವೇಶ ಕಚೇರಿಯಲ್ಲಿ ಈ ಮಾತು ಬಂದೇ ಬರುತ್ತದೆ.

ಇದು ಕೆಲಸ ಮಾಡುವ ಬಗೆ ಸರಳ. ಹದಿನೇಳರ ಹುಡುಗಿ ಹುಡುಗರು ಎಲ್ಲಿ ಓದಬೇಕೆಂದು ತೀರ್ಮಾನಿಸುವಾಗ ಅವರ ಮುಂದೆ ಸಾವಿರಾರು ಸಂಸ್ಥೆಗಳಿರುತ್ತವೆ. ಬಹಳಷ್ಟರ ಹೆಸರನ್ನೇ ಕೇಳಿರುವುದಿಲ್ಲ. ಪಂದ್ಯವೊಂದು ಆ ಹೆಸರನ್ನು ಪುಕ್ಕಟೆಯಾಗಿ ಮೂರು ಗಂಟೆ ಕಣ್ಣ ಮುಂದೆ ಹಿಡಿಯುತ್ತದೆ, ಜೊತೆಗೆ ಅಲ್ಲಿನ ಸಂಭ್ರಮವನ್ನೂ ತೋರಿಸುತ್ತದೆ. ಅರ್ಜಿ ಹೆಚ್ಚಾದರೆ, ಸೀಟು ಅಷ್ಟೇ ಇರುವುದರಿಂದ, ಆಯ್ಕೆ ಬಿಗಿಯಾಗುತ್ತದೆ. ಆಯ್ಕೆ ಬಿಗಿಯಾದ ಕಾಲೇಜಿನ ಬೆಲೆ ಜನರ ಕಣ್ಣಲ್ಲಿ ಏರುತ್ತದೆ. ಬೆಲೆ ಏರಿದ ಕಡೆಗೆ ಇನ್ನೂ ಹೆಚ್ಚು ಅರ್ಜಿ ಹೋಗುತ್ತದೆ. ಕಾಲೇಜುಗಳಿಗೆ ರ್‍ಯಾಂಕು ಕೊಡುವ ಪತ್ರಿಕೆಯ ಪಟ್ಟಿ ಶುರುವಾದದ್ದು 1983ರಲ್ಲಿ. ಹಾಗಾಗಿ ಈ ಚಕ್ರಕ್ಕೆ ಕಾಲವೂ ಕೂಡಿ ಬಂದಿತ್ತು.

ನಮ್ಮ ಮನೆಗಳಿಗೂ ಇದರ ನೆರಳು ತಾಗದೆ ಇಲ್ಲ. ಎಂಜಿನಿಯರಿಂಗ್ ಮುಗಿಸಿ ಎಂಎಸ್‌ಗೆಂದು ಅಮೆರಿಕಕ್ಕೆ ಹೊರಡುವ ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಮಕ್ಕಳು ವಿಭಾಗ, ಫೀಸು, ಕೆಲಸದ ಅವಕಾಶ ನೋಡಿ ಅರ್ಜಿ ಹಾಕುತ್ತಾರೆ, ಫುಟ್‌ಬಾಲ್ ನೋಡಿ ಅಲ್ಲ. ಆದರೆ ಅವರು ಮೊದಲ ಶನಿವಾರ ಕ್ಯಾಂಪಸ್ಸಿನಲ್ಲಿ ಕಾಣುವ ಜನಸಾಗರ, ಊರಿಗೆ ಬರುವಾಗ ಅಪ್ಪನಿಗೆಂದು ತರುವ ವಿಶ್ವವಿದ್ಯಾಲಯದ ಹೆಸರಿನ ಟೋಪಿ, ಎರಡರ ಹಿಂದೆಯೂ ಇರುವುದು ಇದೇ ಆಟ.

ಫ್ಲೂಟಿ ಎಫೆಕ್ಟ್ ನಿಜವೇ ಎಂದು ಅಳೆಯಲು ಹೊರಟವರು ಹಲವರು. 2009ರಲ್ಲಿ ಡೆವಿನ್ ಪೋಪ್ ಮತ್ತು ಜ್ಯಾರನ್ ಪೋಪ್ ಎಂಬ ಅರ್ಥಶಾಸ್ತ್ರಜ್ಞರು, ಆಟದಲ್ಲಿ ದೊಡ್ಡ ಸಾಧನೆ ಮಾಡಿದ ಕಾಲೇಜಿಗೆ ಅರ್ಜಿಗಳು ಎರಡರಿಂದ ಎಂಟು ಪ್ರತಿಶತ ಹೆಚ್ಚುತ್ತವೆ ಎಂದು ಕಂಡುಕೊಂಡರು. 2013ರಲ್ಲಿ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಡಗ್ ಚುಂಗ್ ಇನ್ನೊಂದು ಲೆಕ್ಕ ಕೊಟ್ಟರು. ಸಾಧಾರಣ ತಂಡ ಶ್ರೇಷ್ಠ ತಂಡವಾದರೆ ಅರ್ಜಿಗಳ ಏರಿಕೆ 17.7 ಪ್ರತಿಶತ. ಅಷ್ಟೇ ಏರಿಕೆಯನ್ನು ಬೇರೆ ದಾರಿಯಲ್ಲಿ ಪಡೆಯಬೇಕಾದರೆ ಫೀಸನ್ನು 3.8 ಪ್ರತಿಶತ ಇಳಿಸಬೇಕು, ಇಲ್ಲವೇ 5.1 ಪ್ರತಿಶತ ಹೆಚ್ಚು ಸಂಬಳ ಪಡೆಯುವಂಥ ಅಧ್ಯಾಪಕರನ್ನು ತರಬೇಕು. ಓದಿನ ಅಂಕ ಕಡಿಮೆ ಇದ್ದವರ ಮೇಲೆ ಆಟದ ಸೆಳೆತ ಹೆಚ್ಚು, ಆದರೆ ಬುದ್ಧಿವಂತ ವಿದ್ಯಾರ್ಥಿಗಳೂ ಅದರಿಂದ ಹೊರತಲ್ಲ ಎಂಬುದೂ ಅವರ ಅಧ್ಯಯನದಲ್ಲಿ ಬಂತು.

ಹತ್ತು ವರ್ಷದ ಬೆವರು

ಫ್ಲೂಟಿ ಎಫೆಕ್ಟ್ ಎಂಬ ಹೆಸರಿಗೆ ಮೊದಲು ತಕರಾರು ಎತ್ತಿದವರಲ್ಲಿ ಬಾಸ್ಟನ್ ಕಾಲೇಜಿನವರೇ ಇದ್ದರು. 2003ರಲ್ಲಿ ಅದರ ಸ್ವಂತ ಪತ್ರಿಕೆಯೇ ಲೆಕ್ಕ ಬಿಡಿಸಿ ತೋರಿಸಿತು. ಅವರ ಮಾತಿನಲ್ಲಿ ಹುರುಳಿದೆ.

1970ರ ದಶಕದ ಆರಂಭದಲ್ಲಿ ಆ ಸಂಸ್ಥೆ ಸಾಲದಲ್ಲಿ ಮುಳುಗುವ ಸ್ಥಿತಿಯಲ್ಲಿತ್ತು. ವಿದ್ಯಾರ್ಥಿಗಳಲ್ಲಿ ಬಹುಪಾಲು ಬಾಸ್ಟನ್ ಸುತ್ತಮುತ್ತಲ ಮನೆಗಳಿಂದ ದಿನಾ ಓಡಾಡುವವರು. 1972ರಲ್ಲಿ ಅಧ್ಯಕ್ಷರಾಗಿ ಬಂದ ಫಾದರ್ ಡೊನಾಲ್ಡ್ ಮೋನನ್ ಇಪ್ಪತ್ತನಾಲ್ಕು ವರ್ಷ ನಿಂತು ಅದನ್ನು ಮೇಲೆತ್ತಿದರು. ಪ್ರವೇಶ ವಿಭಾಗದ ಹೊಣೆ ಹೊತ್ತ ಜ್ಯಾಕ್ ಮಗ್ವೈರ್ ಓದಿದ್ದು ಭೌತಶಾಸ್ತ್ರ. ಯಾವ ಊರಿನಿಂದ ಎಂಥ ವಿದ್ಯಾರ್ಥಿ ಬರುತ್ತಾನೆ, ಬರದವನು ಯಾಕೆ ಬರಲಿಲ್ಲ, ಎಷ್ಟು ನೆರವು ಕೊಟ್ಟರೆ ಬರಬಹುದು ಎಂದು ಅವರು ಅಂಕಿಅಂಶ ಹಿಡಿದು ಕೂತರು. ದೇಶದ ಬೇರೆ ಬೇರೆ ಕಡೆಯ ಹಳೆಯ ವಿದ್ಯಾರ್ಥಿಗಳನ್ನು ಜೊತೆಗೆ ಸೇರಿಸಿಕೊಂಡರು. ಹಾಸ್ಟೆಲ್‌ಗಳು ಎದ್ದವು, ಗ್ರಂಥಾಲಯ ಬೆಳೆಯಿತು. ಫ್ಲೂಟಿ ಕಾಲೇಜಿಗೆ ಕಾಲಿಡುವ ಮೊದಲೇ ಅರ್ಜಿಗಳು ಏರತೊಡಗಿದ್ದವು.

ತಂಡದ ಹೆಸರು ಕೆಟ್ಟಾಗ ಅರ್ಜಿಗಳು ಬಿದ್ದವೇ? ಅದೂ ಇಲ್ಲ. 1996ರಲ್ಲಿ ಆಟಗಾರರ ಬೆಟ್ಟಿಂಗ್ ಹಗರಣ ಹೊರಬಿದ್ದು, 13 ಮಂದಿ ಅಮಾನತಾಗಿ, ಕೋಚ್ ರಾಜೀನಾಮೆ ಕೊಟ್ಟರು. ಮರುವರ್ಷದ ಅರ್ಜಿಗಳ ಸಂಖ್ಯೆ ಹೆಚ್ಚುಕಡಿಮೆ ಅಷ್ಟೇ ಉಳಿಯಿತು.

ಹಾಗಾದರೆ ಫ್ಲೂಟಿ ಎಫೆಕ್ಟ್ ಬರೀ ಕಟ್ಟುಕಥೆಯೇ? ನನಗೆ ಹಾಗನ್ನಿಸುವುದಿಲ್ಲ. ನೆಲ ಹದವಾಗಿತ್ತು, ಬಿತ್ತನೆ ಆಗಿತ್ತು, ಆ ಶುಕ್ರವಾರ ಒಂದು ಒಳ್ಳೆಯ ಮಳೆ ಬಿತ್ತು. ಹದ ಮಾಡದ ನೆಲಕ್ಕೆ ಅದೇ ಮಳೆ ಬಿದ್ದಿದ್ದರೆ ಕೊಚ್ಚಿಕೊಂಡು ಹೋಗುತ್ತಿತ್ತು. ನನ್ನ ಆತಂಕ ಬೇರೆ. ಫ್ಲೂಟಿಯ ಉದಾಹರಣೆ ತೋರಿಸಿ, ಅಧ್ಯಾಪಕರಿಗೂ ಗ್ರಂಥಾಲಯಕ್ಕೂ ಹೋಗಬೇಕಾದ ಹಣವನ್ನು ಸ್ಟೇಡಿಯಂಗೆ ಸುರಿದ ಕಾಲೇಜುಗಳು ಅಲ್ಲಿ ಎಷ್ಟೋ ಇವೆ. ಕ್ರೀಡಾ ವಿಭಾಗದಿಂದ ಲಾಭ ಕಾಣುವ ಸಂಸ್ಥೆಗಳು ಕೆಲವೇ. ಉಳಿದ ಕಡೆ ಆ ಹೊರೆ ಕೊನೆಗೆ ಬೀಳುವುದು, ಪಂದ್ಯವನ್ನೇ ನೋಡದ ವಿದ್ಯಾರ್ಥಿಯೂ ಕಟ್ಟುವ ಶುಲ್ಕದ ಮೇಲೆ. ಮೋನನ್, ಮಗ್ವೈರ್ ಹೆಸರು ಯಾವ ಎಫೆಕ್ಟಿಗೂ ಅಂಟಲಿಲ್ಲ. ಹತ್ತು ವರ್ಷದ ಕಚೇರಿ ಕೆಲಸವನ್ನು ತೋರಿಸಲು ಯಾವ ಟಿವಿ ವಾಹಿನಿಯೂ ದಿನಾಂಕ ಬದಲಿಸುವುದಿಲ್ಲ.

ದುಡಿದವನ ಪಾಲು

ಇನ್ನೊಂದು ಪ್ರಶ್ನೆಯೂ ಈ ಕಥೆಯೊಳಗೆ ಕೂತಿದೆ. ಇಷ್ಟೆಲ್ಲ ಹೆಸರು, ಅರ್ಜಿ, ಟಿವಿ ಹಣ ತಂದ ಆಟಗಾರನಿಗೆ ಕಾಲೇಜಿನಿಂದ ಬಂದದ್ದು ವಿದ್ಯಾರ್ಥಿವೇತನವಷ್ಟೇ. ವಿದ್ಯಾರ್ಥಿ ಆಟಗಾರ ಸಂಬಳ ಪಡೆಯಕೂಡದು, ಜಾಹೀರಾತಿಗೆ ನಿಲ್ಲಕೂಡದು ಎಂಬುದು ಆಗ ಎನ್‌ಸಿಎಎ ನಿಯಮವಾಗಿತ್ತು. ಕೋಚ್‌ಗಳ ಸಂಬಳ ವರ್ಷದಿಂದ ವರ್ಷಕ್ಕೆ ಏರಿದರೂ ಈ ನಿಯಮ ದಶಕಗಳ ಕಾಲ ಅಲುಗಲಿಲ್ಲ.

2021ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಎನ್‌ಸಿಎಎ ವಿರುದ್ಧ ತೀರ್ಪು ಕೊಟ್ಟಿತು. ಅದೇ ವರ್ಷದ ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಚಿತ್ರದಿಂದ ದುಡಿಯಬಹುದಾಯಿತು. 2025ರ ಜೂನ್‌ನಲ್ಲಿ ಅಂಗೀಕಾರವಾದ ಇನ್ನೊಂದು ಒಪ್ಪಂದದಿಂದ ಕಾಲೇಜುಗಳೇ ಆಟಗಾರರಿಗೆ ನೇರ ಹಣ ಕೊಡುವ ದಾರಿ ತೆರೆಯಿತು. ಮೊದಲ ವರ್ಷಕ್ಕೆ ಒಂದು ಸಂಸ್ಥೆ ಹಂಚಬಹುದಾದ ಮಿತಿ ಸುಮಾರು 2 ಕೋಟಿ 5 ಲಕ್ಷ ಡಾಲರ್. ಇಂದು ಫ್ಲೂಟಿಯಂಥ ಹುಡುಗ ಪದವಿಗೆ ಮೊದಲೇ ಕೋಟ್ಯಧಿಪತಿಯಾಗಬಲ್ಲ. ಒಂದೇ ಕಾಲೇಜಿನಲ್ಲಿ ನಾಲ್ಕು ವರ್ಷ ನಿಲ್ಲುತ್ತಾನೆ ಎಂದು ಮಾತ್ರ ಹೇಳಲಾಗದು. ಹಣ ಹೆಚ್ಚು ಕೊಡುವ ಕಡೆಗೆ ತಂಡ ಬದಲಿಸುವುದು ಈಗ ಸಾಮಾನ್ಯ. ಪಟ್ಟಿಯ ತಳದಲ್ಲಿದ್ದವನು ಕಾದು, ಅದೇ ಅಂಗಿಯಲ್ಲಿ ಬೆಳೆದು, ರೂಮ್‌ಮೇಟ್‌ಗೆ ಚೆಂಡು ಎಸೆಯುವ ಕಥೆ ಇನ್ನು ಅಪರೂಪವಾಗಬಹುದು. ಆದರೂ ದುಡಿದವನಿಗೆ ಪಾಲು ಸಿಗುವುದೇ ನ್ಯಾಯ. ಅದು ತಡವಾಗಿ ಬಂತು.

ಆಮೇಲಿನ ದಾರಿ

ಕಾಲೇಜು ಮುಗಿದ ಮೇಲೆ ಫ್ಲೂಟಿಯ ದಾರಿ ಸುಗಮವಾಗಿರಲಿಲ್ಲ. ಮೊದಲು ಸೇರಿದ್ದು ಡೊನಾಲ್ಡ್ ಟ್ರಂಪ್ ಒಡೆತನದ ನ್ಯೂಜೆರ್ಸಿ ಜನರಲ್ಸ್ ತಂಡವನ್ನು. ಆ ತಂಡ ಆಡುತ್ತಿದ್ದ ಲೀಗೇ ಬೇಗ ಮುಚ್ಚಿತು. ಮುಖ್ಯ ಲೀಗಾದ ಎನ್‌ಎಫ್‌ಎಲ್‌ನ ಆಯ್ಕೆಯಲ್ಲಿ ಹೈಸ್ಮನ್ ವಿಜೇತನ ಸರದಿ ಬಂದದ್ದು 285ನೆಯವರಾಗಿ. ಅಡ್ಡ ಬಂದದ್ದು ಮತ್ತೆ ಅದೇ ಎತ್ತರದ ಮಾತು. 1990ರಲ್ಲಿ ಕೆನಡಾಕ್ಕೆ ಹೋದರು. ಅಲ್ಲಿ ಅಂಗಳ ದೊಡ್ಡದು, ಯತ್ನ ಮೂರೇ, ಓಡಿ ಎಸೆಯುವವನಿಗೆ ಹೇಳಿ ಮಾಡಿಸಿದ ಆಟ. ಎಂಟು ವರ್ಷದಲ್ಲಿ ಆರು ಸಲ ಲೀಗಿನ ಶ್ರೇಷ್ಠ ಆಟಗಾರ, ಮೂರು ಸಲ ಅಲ್ಲಿನ ಚಾಂಪಿಯನ್ ಪಟ್ಟವಾದ ಗ್ರೇ ಕಪ್.

1998ರಲ್ಲಿ ಅಮೆರಿಕಕ್ಕೆ ಮರಳಿ ಬಫಲೋ ತಂಡದಲ್ಲಿ ಮಿಂಚಿದರು. ಅದೇ ವರ್ಷ, ಆಟಿಸಂ ಇರುವ ತಮ್ಮ ಮಗನ ಹೆಸರಿನಲ್ಲಿ ಒಂದು ಪ್ರತಿಷ್ಠಾನ ಕಟ್ಟಿದರು. ಫ್ಲೂಟಿ ಫ್ಲೇಕ್ಸ್ ಎಂಬ ಉಪಾಹಾರದ ಡಬ್ಬಿಗಳ ಮಾರಾಟದಿಂದ ಬಂದ ಹಣವೂ ಅದಕ್ಕೆ ಹೋಯಿತು. ಅದು ಇಂದಿಗೂ ಅಂಥ ಮಕ್ಕಳ ಕುಟುಂಬಗಳಿಗೆ ನೆರವಾಗುತ್ತಿದೆ. 2006ರ ಜನವರಿ 1ರಂದು, 43ರ ವಯಸ್ಸಿನಲ್ಲಿ, ಚೆಂಡನ್ನು ನೆಲಕ್ಕೆ ಬಿಟ್ಟು ಅದು ಪುಟಿದೇಳುವಾಗಲೇ ಒದೆಯುವ ಹಳೆಯ ಕಾಲದ ಡ್ರಾಪ್ ಕಿಕ್ ಹೊಡೆದು ಅಂಕ ಗಳಿಸಿದರು. ಎನ್‌ಎಫ್‌ಎಲ್‌ನಲ್ಲಿ 1941ರ ನಂತರ ಯಾರೂ ಅದನ್ನು ಮಾಡಿರಲಿಲ್ಲ. ಎದುರಾಳಿ ಮತ್ತೆ ಮಯಾಮಿಯದೇ ತಂಡ, ಡಾಲ್ಫಿನ್ಸ್.

ನೇಟಿಕ್‌ನಲ್ಲಿ ಈಗ ಒಂದು ಚಿಕ್ಕ ರಸ್ತೆಗೆ ಫ್ಲೂಟಿ ಪಾಸ್ ಎಂದು ಹೆಸರಿದೆ. ಬಾಸ್ಟನ್ ಕಾಲೇಜಿನಲ್ಲಿ 22ನೇ ನಂಬರಿನ ಅಂಗಿಯನ್ನು ಇನ್ನು ಯಾರೂ ತೊಡುವಂತಿಲ್ಲ. 2008ರಲ್ಲಿ ಅಲ್ಲಿನ ಅಲಮ್ನೈ ಸ್ಟೇಡಿಯಂ ಹೊರಗೆ ಕಂಚಿನ ಪ್ರತಿಮೆ ನಿಲ್ಲಿಸಿದರು. ಆ ಎಸೆತದ ಭಂಗಿಯಲ್ಲೇ, ತೋಳು ಹಿಂದಕ್ಕೆ ಎಳೆದು ನಿಂತ ಫ್ಲೂಟಿ.

ಪ್ರತಿಮೆ ಹೇಳದ ಒಂದು ಸಂಗತಿ ಇದೆ. ಆ ಶುಕ್ರವಾರ ಚೆಂಡು ಕೈಬಿಟ್ಟ ಮೇಲೆ ಅದು ಎಲ್ಲಿ ಬಿತ್ತೆಂದು ಎಸೆದವರಿಗೆ ಕಾಣಲಿಲ್ಲ. ನಡುವೆ ಅಷ್ಟು ಜನ ಅಡ್ಡ ಇದ್ದರು. ಚೆಂಡು ನೆಲಕ್ಕೆ ಬಿತ್ತು ಎಂದೇ ಫ್ಲೂಟಿ ಅಂದುಕೊಂಡರು. ದೂರದಲ್ಲಿ ಟಚ್‌ಡೌನ್ ಸೂಚಿಸುತ್ತ ರೆಫರಿಯ ಎರಡೂ ಕೈ ಮೇಲೆದ್ದವು. ಯಾರೋ ಹಿಡಿದಿದ್ದಾರೆ ಎಂದು ತಿಳಿದು ಅವರು ಆ ಕಡೆಗೆ ಓಡತೊಡಗಿದರು. ಹಿಡಿದದ್ದು ತಮ್ಮ ರೂಮ್‌ಮೇಟ್ ಎಂಬುದು ಇನ್ನೂ ಅವರಿಗೆ ಗೊತ್ತಿರಲಿಲ್ಲ.